ಬಾನೆಟ್ಟಿಗೆ ಮಾತ್ರ ಮೇಣ

ಸಾವ್ಕಾರರ ಕರಿ ಕಾರು ನನ್ನ ಶೆಡ್ಡಿಗೆ ಬಂದಾಗ ಮಳೆಗಾಲ ಮುಗಿದು ಮಂಜು ಶುರುವಾಗಿತ್ತು. ದಾಂಡೇಲಿಯಲ್ಲಿ ಆ ದಿನಗಳಲ್ಲಿ ಮಳೆಯಿಲ್ಲದಿದ್ದರೂ ಬೆಳಿಗ್ಗೆ ತಗಡಿನ ಸೂರಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ನಾನು ಹಳಿಯಾಳ ರಸ್ತೆಯ ಬದಿಗಿರುವ ಈ ಶೆಡ್ಡಿನಲ್ಲಿ ಕಾರು ತೊಳೆದು, ಪಾಲಿಶ್ ಮಾಡಿ, ಮೇಣ ಹಚ್ಚಿ ಕೊಡುವವನು. ಸಾವ್ಕಾರರು ಹಳಿಯಾಳದಲ್ಲಿ ಗೋವಿನಜೋಳದ ವ್ಯಾಪಾರ ಮಾಡುವವರು. ಕಾರಿನಿಂದ ಇಳಿದವರೇ ಕುಳಿತುಕೊಳ್ಳದೆ ಕೇಳಿದರು.

“ಕೋಟಿಂಗ್ ಮಾಡಸಲೋ, ಮೇಣಾನ ಹಚ್ಚಸಲೋ? ನಮ್ಮ ಅಳಿಯ ಕೋಟಿಂಗ್ ಅಂತಾನ. ನಮ್ಮ ಡ್ರೈವರ್ ಮೇಣ ಅಂತಾನ. ಇಬ್ಬರಿಗೂ ಸ್ವಂತ ಕಾರಿಲ್ಲ. ನೀವ ಹೇಳ್ರಿ.”

ಈ ಪ್ರಶ್ನೆಗೇ ನಾನು ಕಾಯುತ್ತಿದ್ದೆ. ಕೆಲವೇ ದಿನಗಳ ಹಿಂದೆ ಹುಬ್ಬಳ್ಳಿಗೆ ಹೋಗಿ ಕೋಟಿಂಗ್ ಕೆಲಸ ಕಲಿತು ಬಂದಿದ್ದೆ. ಅಲ್ಲಿ ಕಲಿಯಲು ಬಂದವರಲ್ಲಿ ನನ್ನ ವಯಸ್ಸಿನವನು ನಾನೊಬ್ಬನೇ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ಒಂದು ಬೆಂಚಿನ ಮೇಲೆ ಕುಳಿತು ಯಾರಾದರೂ ಹೇಳಿದ್ದನ್ನು ಕೇಳಿದ್ದು ಅದೇ ಮೊದಲು. ಔಷಧದ ಬಾಟಲಿಯಷ್ಟು ಚಿಕ್ಕ ಗಾಜಿನ ಸೀಸೆಯೊಂದನ್ನು ತಂದು ಕಪಾಟಿನಲ್ಲಿ ಇಟ್ಟಿದ್ದೆ. ಅದರ ಬಿರಡೆ ಇನ್ನೂ ತೆಗೆದಿರಲಿಲ್ಲ. ನಮ್ಮ ದಾಂಡೇಲಿಯಲ್ಲಿ ಆ ಕೆಲಸ ಯಾರೂ ಮಾಡುತ್ತಿರಲಿಲ್ಲ. ಬೇಕಾದವರು ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುತ್ತಿದ್ದರು.

ಸಾವ್ಕಾರರಿಗೆ ಎರಡರ ವ್ಯತ್ಯಾಸ ಹೇಳಿದೆ. ಮೇಣ ಬಣ್ಣದ ಮೇಲೆ ಕುಳಿತುಕೊಳ್ಳುತ್ತದೆ. ಬಿಸಿಲು, ಮಳೆ, ಸೋಪಿನ ನೀರು ಬಿದ್ದಂತೆಲ್ಲ ತಾನು ಸವೆದು ಹೋಗುತ್ತದೆ, ಮತ್ತೆ ಹಚ್ಚಬೇಕು. ಕೋಟಿಂಗ್ ಹಾಗಲ್ಲ. ಅದು ಬಣ್ಣಕ್ಕೆ ಕಚ್ಚಿಕೊಂಡು ಗಾಜಿನ ಹಾಗೆ ಗಟ್ಟಿಯಾಗುತ್ತದೆ, ವರ್ಷಗಟ್ಟಲೆ ಇರುತ್ತದೆ. ಆದರೆ ಕಚ್ಚಿಕೊಂಡ ಮೇಲೆ ಅದನ್ನು ತೆಗೆಯಬೇಕೆಂದರೆ ಮಷಿನ್ನೇ ಬೇಕು.

“ಮತ್ತ ಇನ್ನೇನು, ಕೋಟಿಂಗ್ ಮಾಡಿಬಿಡ್ರಿ” ಎಂದರು ಸಾವ್ಕಾರರು.

ಆ ಹೊತ್ತಿಗೆ ಗಣೇಶಗುಡಿಯ ಹೋಮ್‌ಸ್ಟೇ ಮಾಲೀಕರೊಬ್ಬರು ತಮ್ಮ ಜೀಪು ತೊಳೆಸಲು ಬಂದು ಅಲ್ಲೇ ಚಹಾ ಕುಡಿಯುತ್ತಿದ್ದರು. ಪ್ರವಾಸಿಗಳನ್ನು ತಿರುಗಿಸಲು ಅವರ ಬಳಿ ಸಾಕಷ್ಟು ಗಾಡಿಗಳಿವೆ. ಎಲ್ಲವೂ ಮರದ ಕೆಳಗೇ ನಿಲ್ಲುವಂಥವು. ಮಂಗಟ್ಟೆ ಹಕ್ಕಿಗಳು ಆಲದ ಹಣ್ಣು ತಿಂದು ಮೇಲಿನಿಂದ ಹಾಕಿದ್ದು ಬಣ್ಣದೊಳಕ್ಕೇ ಇಳಿಯುತ್ತದೆ ಎಂಬುದು ಅವರ ನಿತ್ಯದ ದೂರು. ಅವರು ಲೋಟ ಕೆಳಗಿಟ್ಟು ನಕ್ಕರು.

“ಛಲೋ ಆತು. ಮೊದಲ ಇವರ ಗಾಡಿ ಮ್ಯಾಲೆ ಕೈ ಪಳಗಿಸಿಕೊಳ್ರಿ. ಸತ್ತರ ಸಾವ್ಕಾರರ ಗಾಡಿ ಸಾಯ್ತೈತಿ. ಬದುಕಿದರ ನನ್ನವೂ ಎಲ್ಲಾ ತಂದು ನಿಮ್ಮ ಶೆಡ್ಡಿನಾಗ ನಿಲ್ಲಸ್ತೇನಿ. ಇಲ್ಲಾಂದ್ರ ಬೆಳಗಾವಿ ದಾರಿ ಹಿಡೀತೇನಿ.”

“ಶೇಟ್, ನಿಮ್ಮ ಬಾಯಾಗ ಒಂದು ಒಳ್ಳೇದು ಬರೂದುಲ್ಲ ನೋಡ್ರಿ” ಎಂದರು ಸಾವ್ಕಾರರು.

ಇಬ್ಬರೂ ನಕ್ಕರು. ನನಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಈ ಕಾರು ಚೆನ್ನಾಗಿ ಬಂದರೆ ನನ್ನ ಶೆಡ್ಡು ಕೆಲಸ ಬಲ್ಲವನ ಶೆಡ್ಡಾಗುತ್ತದೆ. ಕೆಟ್ಟರೆ ಊರಿನವರ ಬಾಯಲ್ಲಿ ನಾನು ಗಾಡಿ ತೊಳೆಯುವವನಾಗಿಯೇ ಉಳಿಯುತ್ತೇನೆ. ತೊಳೆಯುವುದು ಸಣ್ಣ ಕೆಲಸ ಎಂದು ನಾನು ಎಂದೂ ಅಂದುಕೊಂಡವನಲ್ಲ. ಆದರೆ ಕಲಿತ ಕೆಲಸಕ್ಕೆ ಬೆಲೆ ಸಿಗದಿದ್ದರೆ ಅದು ಎದೆಯಲ್ಲಿ ಚುಚ್ಚುತ್ತದೆ.

ಮೊದಲ ದಿನವೆಲ್ಲ ತೊಳೆಯುವುದರಲ್ಲೇ ಹೋಯಿತು. ಎರಡು ಬಕೆಟ್ ಇಟ್ಟು, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆಯ ಮಣ್ಣು ಬಿಡಿಸುವ ಬರಿ ನೀರು. ಬಣ್ಣಕ್ಕೆ ಅಂಟಿದ ಮರದ ಅಂಟು, ಡಾಂಬರಿನ ಚುಕ್ಕೆಗಳನ್ನು ಕಣಕದ ಉಂಡೆಯಂಥ ಕ್ಲೇ ಉಜ್ಜಿ ತೆಗೆದೆ. ಒಣಗಿದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಕರಿ ಬಣ್ಣದ ತುಂಬ ಜೇಡರ ಬಲೆಯಂಥ ಗೀರುಗಳು. ಸಾವ್ಕಾರರ ಅಂಗಳದಲ್ಲಿ ಜೋಳದ ಹೊಟ್ಟಿನ ಧೂಳು ಹಾರಿ ಕೂರುತ್ತದೆ, ಅದನ್ನು ಡ್ರೈವರ್ ಒಣ ಬಟ್ಟೆಯಿಂದ ಒರೆಸುತ್ತಾನೆ. ಅಲ್ಲಿಗೆ ಗೀರಿನ ಲೆಕ್ಕ ಸಿಕ್ಕಿತು.

ಒಂದು ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಬಾನೆಟ್ಟಿನ ನಡುಭಾಗದಲ್ಲಿ, ಅಂಗೈ ಅಗಲದಷ್ಟು ಜಾಗದಲ್ಲಿ ಗೀರುಗಳು ಬೇರೆ ಕಡೆಗಿಂತ ಆಳವಾಗಿದ್ದವು. ಅವು ಸುತ್ತು ಸುತ್ತಾಗಿ ಇರಲಿಲ್ಲ, ಎಡದಿಂದ ಬಲಕ್ಕೆ ಅಡ್ಡಡ್ಡ ಎಳೆದಂತಿದ್ದವು. ಚೀಲ ಇಟ್ಟು ಎಳೆದಿರಬೇಕು ಎಂದುಕೊಂಡು ಮುಂದೆ ಹೋದೆ. ಕೇಳಬೇಕಿತ್ತು. ಕೇಳಲಿಲ್ಲ.

ಮಷಿನ್ ಹಿಡಿದು ಗೀರು ತೆಗೆಯುವುದೆಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನೇ ತುಸು ಸವೆಸುವುದು. ಒಂದೇ ಕಡೆ ಮಷಿನ್ ನಿಂತರೆ ಬಿಸಿಯಾಗಿ ಬಣ್ಣ ಸುಡುತ್ತದೆ. ಅಂಚುಗಳಲ್ಲಿ ಪದರ ತೆಳು, ಅಲ್ಲಿಗೆ ಟೇಪು ಹಚ್ಚಿಕೊಂಡೆ. ಪ್ರತಿ ಭಾಗ ಮುಗಿದಂತೆ ಅಂಗೈ ಇಟ್ಟು ಕಾವು ನೋಡುತ್ತಿದ್ದೆ. ಬಾನೆಟ್ಟಿನ ನಡುವಿಗೆ ಹೆಚ್ಚು ಹೊತ್ತು ಹಿಡಿಯಿತು. ಕಡೆಗೆ ಕಾರು ಬಾವಿಯ ನೀರಿನ ಹಾಗೆ ಕಪ್ಪಾಗಿ ನಿಂತಿತು. ಬಗ್ಗಿದರೆ ನನ್ನ ಹಲ್ಲು ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಸೀಸೆಯ ಬಿರಡೆ ತೆಗೆದೆ. ಧೂಳು ಏಳಬಾರದೆಂದು ಯಾವಾಗಲೂ ಮಾಡುವಂತೆ ಶೆಡ್ಡಿನ ನೆಲಕ್ಕೆಲ್ಲ ನೀರು ಚಿಮುಕಿಸಿದ್ದೆ. ಮೇಣ ಹಚ್ಚುವಾಗ ಅದರಿಂದ ಅನುಕೂಲವೇ. ಸ್ಪಿರಿಟ್ಟಿನಿಂದ ಬಣ್ಣ ಒರೆಸಿ, ಚಿಕ್ಕ ಸ್ಪಂಜಿಗೆ ಮೆತ್ತನೆ ಬಟ್ಟೆ ಸುತ್ತಿ, ಅದರ ಮೇಲೆ ಹನಿ ಹಾಕಿಕೊಂಡು ಡ್ರೈವರ್ ಬದಿಯ ಬಾಗಿಲಿಗೆ ಉದ್ದ ಒಮ್ಮೆ, ಅಡ್ಡ ಒಮ್ಮೆ ಎಳೆದೆ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಎಣ್ಣೆ ಬಿದ್ದಂತೆ ಬಣ್ಣ ಬಣ್ಣ ಕಾಣುತ್ತದೆ, ಆಗ ಒರೆಸಬೇಕು ಎಂದು ಹುಬ್ಬಳ್ಳಿಯಲ್ಲಿ ಕಲಿತಿದ್ದೆ. ಅಲ್ಲಿ ಎಷ್ಟು ಹೊತ್ತು ಕಾದಿದ್ದೆನೋ ಇಲ್ಲೂ ಅಷ್ಟೇ ಕಾದೆ. ಒರೆಸಲು ಹೋದರೆ ಬಟ್ಟೆ ಹಿಡಿದುಕೊಂಡಿತು. ಬಾಗಿಲ ತುಂಬ ಮಬ್ಬು ಮಬ್ಬು ಮೋಡದಂಥ ಕಲೆ.

ಬಟ್ಟೆ ಕೆಳಗಿಟ್ಟೆ. ಆಮೇಲೆ ಹೊರಗೆ ನೋಡಿದೆ. ಮಂಜು ರಸ್ತೆಯನ್ನೇ ನುಂಗಿತ್ತು, ಒಳಗೆ ನಾನೇ ನೆಲ ಒದ್ದೆ ಮಾಡಿ ಇಟ್ಟಿದ್ದೆ. ಈ ದ್ರವ ಗಾಳಿಯ ತೇವ ಕುಡಿದೇ ಗಟ್ಟಿಯಾಗುವಂಥದ್ದು. ಹುಬ್ಬಳ್ಳಿಯ ಒಣ ಗಾಳಿಯ ಹೊತ್ತು ದಾಂಡೇಲಿಯಲ್ಲಿ ನಡೆಯುವುದಿಲ್ಲ. ಬಾಗಿಲನ್ನು ಮತ್ತೆ ಮಷಿನ್ ಹಿಡಿದು ಚೊಕ್ಕ ಮಾಡಿದೆ. ನೆಲ ಒಣಗಲಿ ಎಂದು ಫ್ಯಾನ್ ಹಚ್ಚಿ, ಬಿಸಿಲು ಏರುವವರೆಗೆ ಸುಮ್ಮನೆ ಕುಳಿತೆ. ಸುಮ್ಮನೆ ಕೂರುವುದು ನನಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಬಿಸಿಲು ಬಂದ ಮೇಲೆ ಕರವಸ್ತ್ರದಷ್ಟಗಲದ ತುಂಡು ತುಂಡಾಗಿ ಹಚ್ಚುತ್ತ, ಗಡಿಯಾರ ಬಿಟ್ಟು ಬಣ್ಣವನ್ನಷ್ಟೇ ನೋಡುತ್ತ ಒರೆಸಿದೆ. ಸಂಜೆಯ ಒಳಗೆ ಇಡೀ ಕಾರು ಮುಗಿಯಿತು. ಎಲ್ಲೂ ಕಲೆ ಇರಲಿಲ್ಲ.

ಒಯ್ಯಲು ಬಂದ ದಿನ ಸಾವ್ಕಾರರ ಜೊತೆ ಅವರ ತಾಯಿಯೂ ಬಂದಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕಡ್ಡಿಯಂಥ ಮೈ, ಗಟ್ಟಿ ಧ್ವನಿ. ನಾನು ಸಾವ್ಕಾರರಿಗೆ ಒತ್ತಿ ಹೇಳಿದೆ: “ಒಂದು ವಾರ ಇದಕ್ಕ ನೀರು ಮುಟ್ಟಸಬ್ಯಾಡ್ರಿ. ತೊಳೀಬ್ಯಾಡ್ರಿ, ಮಂಜಿನಾಗ ನಿಲ್ಲಸಬ್ಯಾಡ್ರಿ. ಒಳಗ ಇನ್ನೂ ಹಸಿ ಇರ್ತೈತಿ.”

“ಹಸಿ ಬಾಣಂತಿ ಆಗೇತೇನಪಾ ಇದು?” ಎಂದರು ತಾಯಿ.

“ಹಂಗ ತಿಳಕೊಳ್ರಿ ಅಮ್ಮಾರ.”

“ಆತು. ಒಂದು ಹನಿ ನೀರು ಬೀಳದಂಗ ನಾ ನೋಡ್ಕೋತೇನಿ. ಇವನ ಮ್ಯಾಲೆ ಭರೋಸಾ ಇಡಬ್ಯಾಡ.”

ನನಗೆ ಸಮಾಧಾನವಾಯಿತು. ಮಾತಿಗೆ ತಪ್ಪುವ ಹೆಂಗಸಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು.

ವಾರ ತುಂಬುವ ಮೊದಲೇ ಸಾವ್ಕಾರರ ಫೋನು ಬಂತು. “ಬಾನೆಟ್ ಮ್ಯಾಲೆ ಏನೋ ಆಗೇತಿ. ಒರಸಿದರ ಹೋಗವಲ್ದು. ನೀವ ಬಂದು ನೋಡ್ರಿ.”

ಬೈಕ್ ಹತ್ತಿ ಹಳಿಯಾಳಕ್ಕೆ ಹೋದೆ. ಕಾರು ಅಂಗಳದ ತಗಡಿನ ಕೆಳಗೆ ನಿಂತಿತ್ತು. ಹತ್ತಿರ ಹೋಗುವ ಮೊದಲೇ ಕಂಡಿತು. ಬಾನೆಟ್ಟಿನ ನಟ್ಟನಡುವೆ ಮೂರು ಅಡ್ಡಗೆರೆ, ಅದರ ಮಧ್ಯೆ ಒಂದು ದುಂಡನೆ ಬೊಟ್ಟು, ಬೊಟ್ಟಿನಿಂದ ಕೆಳಕ್ಕೆ ಹರಿದ ಸಣ್ಣ ಧಾರೆ. ಬೂದಿ ಒರೆಸಿ ಹೋಗಿತ್ತು, ಗೆರೆ ಮಾತ್ರ ಕೋಟಿಂಗಿನೊಳಗೆ ಮಸುಕಾಗಿ ಉಳಿದಿತ್ತು.

ಹಿಂದಿನ ದಿನ ಅಮಾವಾಸ್ಯೆ.

“ಏನ್ಬೇ ಯವ್ವಾ, ಅವರು ಅಷ್ಟು ಹೇಳಿ ಕಳಿಸಿದ್ದರಲ್ಲ!” ಸಾವ್ಕಾರರು ತಾಯಿಯ ಮೇಲೆ ಹರಿಹಾಯ್ದರು. “ಒಂದು ಅಮಾಸಿ ಬಿಟ್ಟಿದ್ದರ ಏನು ಗಂಟು ಹೋಗ್ತಿತ್ತು?”

ತಾಯಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದವರು ಎದ್ದು ಬಂದರು. “ಏನು ಹೇಳಿದ್ದರಪಾ? ನೀರು ಮುಟ್ಟಸಬ್ಯಾಡ ಅಂದಿದ್ದರು. ನಾ ಮುಟ್ಟಿಸೇನೇನು? ಇಭೂತಿ ಹಾಲಿನಾಗ ಕಲಸೇನಿ. ಕುಂಕುಮಾನೂ ಹಾಲಿನಾಗನ ಕಲಸೇನಿ. ಟೆಂಗು ಸುದ್ದಾ ದೂರ ಹೋಗಿ ಒಡದೇನಿ, ಅದರ ನೀರು ಸಿಡೀಬಾರದಂತ. ಕೇಳು ನಿನ್ನ ಡ್ರೈವರನ್ನ.”

ಡ್ರೈವರ್ ತಲೆ ಆಡಿಸಿದ. ಹಾಲು ಬಿಸಿಲಿಗೆ ಒಣಗಿ ಹುಳಿಯಾಗಿ, ಬೂದಿಯ ಕ್ಷಾರದ ಜೊತೆ ಸೇರಿ, ಇನ್ನೂ ಗಟ್ಟಿಯಾಗದ ಕೋಟಿಂಗನ್ನು ತಿಂದಿತ್ತು. ನೀರಾಗಿದ್ದರೆ ಇಷ್ಟು ಕೆಡುತ್ತಿರಲಿಲ್ಲವೇನೋ.

“ಸಾವ್ಕಾರ್ರ, ಅವರಿಗೆ ಅನ್ನಬ್ಯಾಡ್ರಿ” ಎಂದೆ. “ನಾ ಹೇಳಿದ್ದನ್ನ ಅವರು ಪಾಲಿಸ್ಯಾರ. ನಾ ಹೇಳೂದು ಬಿಟ್ಟದ್ದು ನನ್ನ ತಪ್ಪು.”

ಅದು ಉಪಚಾರದ ಮಾತಾಗಿರಲಿಲ್ಲ. ಅದೇ ಅಮಾವಾಸ್ಯೆಯಂದು ನನ್ನ ಹೆಂಡತಿ ಶೆಡ್ಡಿಗೆ ಬಂದು ಕಂಪ್ರೆಸರಿಗೆ, ಪಾಲಿಶ್ ಮಷಿನ್ನಿಗೆ ವಿಭೂತಿ ಬಳಿದು, ಊದಿನಕಡ್ಡಿ ಬೆಳಗಿ ಹೋಗಿದ್ದಳು. ನಾನೂ ಕೈ ಮುಗಿದಿದ್ದೆ. ನಮ್ಮ ಕಡೆ ಗಾಲಿ ಇರುವ ಯಾವ ವಸ್ತುವೂ ಅಮಾವಾಸ್ಯೆಯ ಪೂಜೆ ತಪ್ಪಿಸಿಕೊಳ್ಳುವುದಿಲ್ಲ. ಕೋಟಿಂಗ್ ಆರುವ ವಾರದಲ್ಲಿ ಅಮಾವಾಸ್ಯೆ ಬಿದ್ದಿದೆಯೇ ಎಂದು ನಾನು ಮಾತ್ರ ನೋಡಿರಲಿಲ್ಲ. ಹುಬ್ಬಳ್ಳಿಯಲ್ಲಿ ಹೇಳಿಕೊಟ್ಟ ಎಚ್ಚರಿಕೆಗಳಲ್ಲಿ ಮಳೆ ಇತ್ತು, ಸೋಪಿತ್ತು, ಹಕ್ಕಿಯ ಹಿಕ್ಕೆಯಿತ್ತು, ಪೂಜೆ ಇರಲಿಲ್ಲ. ಪೂಜೆ ಎಂದರೆ ಬಣ್ಣ ಮುಟ್ಟುವುದು ಎಂದು ನಮಗೆ ಅನ್ನಿಸುವುದೇ ಇಲ್ಲವಲ್ಲ.

ಅಲ್ಲಿಂದಲೇ ಹುಬ್ಬಳ್ಳಿಯಲ್ಲಿ ಕೆಲಸ ಕಲಿಸಿದವನಿಗೆ ಫೋನ್ ಹಚ್ಚಿದೆ. ಅವನು ನಕ್ಕ. “ಅದರ ಮ್ಯಾಲೆ ಮೇಣ ತಿಕ್ಕಿ ಕೊಡ್ರಿ, ಕಲಿ ಕಾಣಂಗಿಲ್ಲ. ಮುಂದ ಕಂಡರ ಪೂಜಾ ವಾರಂಟಿ ಒಳಗ ಬರಂಗಿಲ್ಲ ಅಂತ ಹೇಳಿ ಕೈ ತೊಳಕೊಳ್ರಿ.”

ಅವನು ಹೇಳಿದ್ದು ಆಗುವ ಮಾತೇ. ಮೇಣದ ಎಣ್ಣೆ ಗೆರೆಗಳನ್ನು ತುಂಬಿ ಕೆಲವು ವಾರ ಮುಚ್ಚುತ್ತದೆ. ಗಣೇಶಗುಡಿಯ ಶೇಟ್ ಅಷ್ಟರಲ್ಲಿ ಬಂದು ನೋಡಿ ಹೋಗಿರುತ್ತಿದ್ದರು. ನಾನು ಫೋನ್ ಜೇಬಿಗೆ ಹಾಕಿಕೊಂಡು ಸಾವ್ಕಾರರಿಗೆ, “ಗಾಡಿ ನಾಳೆ ಶೆಡ್ಡಿಗೆ ಕಳಿಸ್ರಿ. ಬಾನೆಟ್ ಮತ್ತ ಮೊದಲಿಂದ ಮಾಡ್ತೇನಿ” ಎಂದೆ. ಮುಚ್ಚಿದ್ದನ್ನು ಹೊಳಪು ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಮರುದಿನ ಕಾರಿನ ಜೊತೆ ತಾಯಿ, ಮಗ ಇಬ್ಬರೂ ಬಂದರು. ತಾಯಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕಾರಿನ ಮುಂದೆಯೇ ಕುಳಿತರು. ಮೊದಲು ಸ್ಪಿರಿಟ್ ಹಾಕಿ ನೋಡಿದೆ, ಹೋಗಲಿಲ್ಲ. ಕೈಯಿಂದ ಪಾಲಿಶ್ ತಿಕ್ಕಿದೆ, ತುಸು ತೆಳುವಾಯಿತು ಅಷ್ಟೆ. ಕಡೆಗೆ ಮಷಿನ್ನಿಗೆ ಎಲ್ಲಕ್ಕಿಂತ ಮೆತ್ತನೆಯ ಪ್ಯಾಡ್ ಹಾಕಿ, ನಿಧಾನ ವೇಗದಲ್ಲಿ, ಕಾವು ನೋಡುತ್ತ ನೋಡುತ್ತ ಇಳಿಸಿದೆ. ಕೋಟಿಂಗ್ ಎದ್ದು ಬಂತು. ಜೊತೆಗೆ ಗೆರೆಗಳೂ ಹೋದವು. ಕರಿ ಬಣ್ಣ ಬತ್ತಲೆಯಾಗಿ ನಿಂತಿತು.

ಸೀಸೆಯಲ್ಲಿ ಬಾನೆಟ್ಟಿಗೆ ಸಾಕಾಗುವಷ್ಟು ದ್ರವ ಉಳಿದಿತ್ತು. ಅದನ್ನು ಕೈಗೆ ತೆಗೆದುಕೊಂಡೆ.

“ತಮ್ಮಾ, ಅದನ್ನ ಹಚ್ಚಿದ ಮ್ಯಾಲೆ ಬರೂ ಅಮಾಸಿಗೆ ನಾ ಇಭೂತಿ ಎಲ್ಲಿ ಹಚ್ಚಲಿ?” ತಾಯಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಗ, “ಟಾಯರಿಗೆ ಹಚ್ಬೇ. ಅದಕ್ಕ ಏನೂ ಆಗೂದುಲ್ಲ” ಎಂದರು.

“ಹಣಿಗೆ ಹಚ್ಚೂದನ್ನ ಕಾಲಿಗೆ ಹಚ್ಚಂತೀಯೇನೋ? ನಿನ್ನ ಹಣಿ ಮ್ಯಾಲಿಂದು ಮೊಣಕಾಲಿಗೆ ಹಚಗೊಂಡು ಅಂಗಡ್ಯಾಗ ಕೂಡು, ನೋಡೂಣು.”

ನಾನು ನಕ್ಕೆ. ನಗುತ್ತಲೇ ಬಾನೆಟ್ಟನ್ನು ನೋಡಿದೆ. ಮೊದಲ ದಿನ ಟಾರ್ಚಿನಲ್ಲಿ ಕಂಡ ಅಡ್ಡ ಗೀರುಗಳು ಆಗ ನೆನಪಾದವು. ಚೀಲವಲ್ಲ, ಏನೂ ಅಲ್ಲ. ಅಮಾವಾಸ್ಯೆಯ ಮರುದಿನ ಒಣ ಬೂದಿಯನ್ನು ಎಡದಿಂದ ಬಲಕ್ಕೆ ಒರೆಸಿದ ಗುರುತು ಅದು. ಕಾರು ತಂದಂದಿನಿಂದ ಬಿದ್ದಿದೆ, ಮುಂದೆಯೂ ಬೀಳುತ್ತದೆ. ಕೋಟಿಂಗ್ ಎಷ್ಟೇ ಗಟ್ಟಿಯಾಗಲಿ, ಪ್ರತಿ ತಿಂಗಳು ಬೂದಿ ಹಾಕಿ ತಿಕ್ಕಿದರೆ ಗೀರಾಗುವುದೇ. ಆ ಗೀರು ತೆಗೆಯಲು ಪ್ರತಿ ಸಲ ಮಷಿನ್, ಪ್ರತಿ ಸಲ ಬಣ್ಣದ ಪದರ ತೆಳು. ಕೆಲವು ವರ್ಷಗಳಲ್ಲಿ ಆ ಅಂಗೈ ಅಗಲದ ಜಾಗದಲ್ಲಿ ಉಳಿಯುವುದೇನು?

ಸೀಸೆಯನ್ನು ಮತ್ತೆ ಕಪಾಟಿನಲ್ಲಿಟ್ಟೆ. ಕೆಳಗಿನ ಹಲಗೆಯಿಂದ ಮೇಣದ ಡಬ್ಬಿ ತೆಗೆದೆ.

“ಇದೇನ್ರೀ?” ಎಂದರು ಸಾವ್ಕಾರರು.

“ಬಾನೆಟ್ಟಿಗೆ ಮೇಣ ಹಚ್ತೇನ್ರಿ. ಉಳದದ್ದಕ್ಕೆಲ್ಲಾ ಕೋಟಿಂಗ್ ಐತಿ, ಇರ್ಲಿ. ಇಲ್ಲಿ ಮಾತ್ರ ಅಮ್ಮಾರ ಕೈ ಬೀಳ್ತೈತಿ. ಬೂದಿ ತಿಂದರ ಮೇಣಾನ ತಿನ್ಲಿ, ಬಣ್ಣ ತಿನ್ನೂದು ಬ್ಯಾಡ. ಮೇಣ ಹ್ವಾದರ ನಾ ಕೈಲೆ ಮತ್ತ ಹಚ್ತೇನಿ. ಮಷಿನ್ ಬೇಕಾಗಂಗಿಲ್ಲ.”

“ಅಲ್ರೀ, ಅರ್ಧಾ ಗಾಡಿ ಅದು, ಅರ್ಧಾ ಗಾಡಿ ಇದು ಅಂದ್ರ ಮಂದಿ ಏನಂದಾರು? ಆ ಶೇಟ್ ಬ್ಯಾರೆ ನೋಡಾಕ ಬರ್ತಾನ. ಕೋಟಿಂಗ್ ನಿಲ್ಲಲಿಲ್ಲ, ಅದಕ್ಕ ಮೇಣ ಹಚ್ಯಾನ ಅಂತಾನ.”

ಅದೇ ನನಗೂ ಇದ್ದ ಅಂಜಿಕೆ. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಅಷ್ಟು ದೊಡ್ಡದೆನಿಸಲಿಲ್ಲ.

“ಅನ್ಲಿ ಬಿಡ್ರಿ. ಗಾಡಿ ನಿಮ್ಮದು, ಪೂಜಾ ಅಮ್ಮಾರದು. ಶೇಟ್ ಏನು ದಿನಾ ಬಂದು ಒರಸ್ತಾನೇನು?”

ಮೇಣ ಹಚ್ಚುವುದು ನನ್ನ ಹಳೆಯ ಕೆಲಸ. ಸ್ಪಂಜಿನ ಮೇಲೆ ತೆಳುವಾಗಿ ತೆಗೆದುಕೊಂಡು, ಒಂದರ ಮೇಲೊಂದು ಸುತ್ತು ಬರುವಂತೆ ಹಚ್ಚಿದೆ. ಮಬ್ಬು ಕಟ್ಟಿದ ಮೇಲೆ ಬೆರಳು ಎಳೆದು ನೋಡಿದೆ, ಚೊಕ್ಕ ಬಂತು. ಮೆತ್ತನೆ ಬಟ್ಟೆಯಿಂದ ಬಿಡಿಸಿದೆ. ಒಂದು ಪದರ ಆರಿದ ಮೇಲೆ ಇನ್ನೊಂದು. ಆಮೇಲೆ ತಾಯಿಯನ್ನು ಕರೆದು ಬಟ್ಟೆ ಕೈಗೆ ಕೊಟ್ಟೆ.

“ಅಮ್ಮಾರ, ಹಾಲು ಬ್ಯಾಡ್ರಿ, ನೀರಿನಾಗ ಕಲಸ್ರಿ. ಈ ಸಲ ನೀರು ನಡೀತೈತಿ. ಮರುದಿನ ಬೂದಿ ಮ್ಯಾಲೆ ಒದ್ದಿ ಬಟ್ಟಿ ಹಾಸಿ ನೆನೀಲಿಕ್ಕೆ ಬಿಡ್ರಿ. ಆಮ್ಯಾಲೆ ಎತ್ರಿ. ತಿಕ್ಕಬ್ಯಾಡ್ರಿ.”

ಅವರು ಬಟ್ಟೆಯನ್ನು ಬಾನೆಟ್ಟಿನ ಮೇಲೆ ಇಟ್ಟು, ಒತ್ತಿ, ಮೇಲಕ್ಕೆ ಎತ್ತಿದರು. “ಮಲಗಿದ ಕೂಸಿನ ಮಾರಿ ಒರಸಿದಂಗ ಅನ್ನು.”

“ಹಂಗ ರೀ.”

ನೆರೆಯ ಅಂಗಡಿಯವರ ಬಾಯಿಂದ ಸುದ್ದಿ ಗಣೇಶಗುಡಿಗೂ ಹೋಯಿತು. ಶೇಟ್ ಮರುವಾರವೇ ಜೀಪು ತಂದು ನಿಲ್ಲಿಸಿ, ಕಿಟಕಿಯಿಂದಲೇ, “ಏನೋ ಬಾನೆಟ್ಟಿಗೆ ಮುಲಾಮು ಹಚ್ಚಿದಿರಂತ?” ಎಂದರು.

“ಹಚ್ಚೇನಿ. ಬರೂ ಅಮಾಸಿ ಮರುದಿನ ಹಳಿಯಾಳಕ್ಕ ಬರ್ರಿ. ಅಲ್ಲೀತನಕ ನಿಮ್ಮ ಬೆಳಗಾವಿ ದಾರಿ ತಡೀರಿ” ಎಂದೆ. ಹೇಳಿದೆನೇ ಹೊರತು ಆ ತಿಂಗಳೆಲ್ಲ ನನಗೆ ಆ ಬಾನೆಟ್ಟಿನದೇ ಧ್ಯಾನ. ಸೋಪು ಹೆಚ್ಚಾಗಿ ಮೇಣ ಬೇಗ ಹೋದರೆ? ಡ್ರೈವರ್ ಮರೆತು ಒಣ ಬಟ್ಟೆ ಆಡಿಸಿದರೆ? ಹಾದುಹೋಗುವ ನೆಪದಲ್ಲಿ ಒಂದೆರಡು ಸಲ ಅಂಗಳಕ್ಕೆ ಹೋಗಿ ನೀರು ಚಿಮುಕಿಸಿ ನೋಡಿದೆ. ನೀರು ಇನ್ನೂ ಮಣಿ ಮಣಿಯಾಗಿ ನಿಲ್ಲುತ್ತಿತ್ತು.

ಅಮಾವಾಸ್ಯೆಯ ಮರುದಿನ ಶೇಟ್ ನಿಜಕ್ಕೂ ಬಂದರು. ಸಾವ್ಕಾರರ ಅಂಗಳದಲ್ಲಿ ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ ಒಣಗಿ ಬೆಳ್ಳಗಾದ ಮೂರು ಗೆರೆ, ನಡುವೆ ಕೆಂಪು ಬೊಟ್ಟು. ಜೋಳದ ಚೀಲ ಹೊರುವವರೂ ಕೆಲಸ ನಿಲ್ಲಿಸಿ ಸುತ್ತ ನಿಂತರು. ತಾಯಿ ಬಟ್ಟೆಯನ್ನು ನೀರಲ್ಲಿ ಅದ್ದಿ ಗೆರೆಗಳ ಮೇಲೆ ಹಾಸಿದರು. ಎಲ್ಲರೂ ಕಾದೆವು.

“ಕೂಸು ಎದ್ದಿತು ಅನಸ್ತೈತಿ” ಎಂದು ಅವರು ಬಟ್ಟೆ ಎತ್ತಿದರು. ಬೂದಿ ಬಟ್ಟೆಗೆ ಬಂತು. ಉಳಿದ ಕೆಂಪನ್ನು ಇನ್ನೊಂದು ಮಡಿಕೆಯಿಂದ ಎತ್ತಿದರು. ನಾನು ಬಗ್ಗಿ, ಟಾರ್ಚ್ ಹಚ್ಚಿ ನೋಡಿದೆ. ಕರಿ ಬಣ್ಣದಲ್ಲಿ ನನ್ನ ಮುಖ ಬಿಟ್ಟರೆ ಬೇರೇನೂ ಇರಲಿಲ್ಲ.

ಶೇಟ್ ಟಾರ್ಚ್ ಕಸಿದುಕೊಂಡು ತಾವೂ ನೋಡಿದರು. ಬಾಗಿಲಿಗೆ ಹೋಗಿ ಬೆರಳಾಡಿಸಿದರು, ಮತ್ತೆ ಬಾನೆಟ್ಟಿಗೆ ಬಂದು ಬೆರಳಾಡಿಸಿದರು.

“ಎರಡೂ ಒಂದ ನಮೂನಿ ಕಾಣ್ತಾವಲ್ರೀ” ಎಂದರು. ಆಮೇಲೆ ಟಾರ್ಚ್ ನನ್ನ ಕೈಗೆ ಕೊಟ್ಟು, “ಆತು. ನನ್ನ ಗಾಡಿಗೋಳನ್ನ ಒಂದೊಂದ ಕಳಿಸ್ತೇನಿ. ಯಾವುದಕ್ಕ ಕೋಟಿಂಗ್, ಯಾವುದಕ್ಕ ಮೇಣ, ನೀವ ನೋಡಿ ಮಾಡ್ರಿ.”

“ಗಾಡಿ ಆಮ್ಯಾಲೆ ಕಳಿಸ್ರಿ ಶೇಟ್” ಎಂದೆ. “ಮೊದಲ ನಾನ ಗಣೇಶಗುಡಿಗೆ ಬರ್ತೇನಿ. ಅವಕ್ಕ ಪೂಜಾ ಮಾಡವರು ಯಾರದಾರ, ಅವರ ಕೂಡ ಮಾತಾಡೂದೈತಿ.”